ಮೊದಲ ತೋಳು

ಆಗುಂಬೆ ಘಾಟಿ ಇಳಿಯುವಾಗ ಶ್ಯಾಮಲಾಳಿಗೆ ವಾಂತಿ ಬರಬೇಕಿತ್ತು, ಬರಲಿಲ್ಲ. ಬುದ್ಧಿ ಬಂದಾಗಿನಿಂದ ಈ ಘಾಟಿಯನ್ನು ಆಕೆ ವಾಂತಿ ಮಾಡದೆ ಇಳಿದದ್ದೇ ಇಲ್ಲ. ಮದುವೆಯಾದ ಹೊಸದರಲ್ಲಿ ಗಂಡನ ಹೊಸ ಶರ್ಟಿನ ಮೇಲೆಯೇ ಮಾಡಿದ್ದಳು, ಆ ಪುಣ್ಯಾತ್ಮ ಸಾಯುವವರೆಗೂ ಅದನ್ನೇ ಹೇಳಿ ಹೇಳಿ ನಗಾಡುತ್ತಿದ್ದ. ಇವತ್ತು ತಯಾರಾಗಿಯೇ ಬಂದಿದ್ದಳು, ಮಡಿಲಲ್ಲಿ ಪ್ಲಾಸ್ಟಿಕ್ ಕೊಟ್ಟೆ, ಒದ್ದೆ ಟವೆಲ್ಲು, ಮೂಸಲಿಕ್ಕೆ ನಿಂಬೆಹಣ್ಣು. ತಿರುವುಗಳು ಬರುತ್ತಿದ್ದವು, ಹೋಗುತ್ತಿದ್ದವು. ಹೊಟ್ಟೆ ಮಾತ್ರ ತನಗೂ ಇವಳಿಗೂ ಸಂಬಂಧವೇ ಇಲ್ಲವೆಂಬಂತೆ ಸುಮ್ಮನಿತ್ತು. ಮುಂದಿನ ಸೀಟಿನಲ್ಲಿ ತಮ್ಮ ಯೋಗರಾಜ್ ಕೂತಿದ್ದ, ಅವನ ಕುತ್ತಿಗೆಯ ಹಿಂಭಾಗ ಕಾಣುತ್ತಿತ್ತು, ನಿನ್ನೆ ಕಟಿಂಗ್ ಮಾಡಿಸಿಕೊಂಡು ಬಂದಿದ್ದರಿಂದ ಅಲ್ಲಿ ಒಂದು ಬಿಳಿ ಗೆರೆ ಮೂಡಿತ್ತು. ಅಪ್ಪ ಹುಲಿಯಪ್ಪನ ವರ್ಷದ ಕಾರ್ಯಕ್ಕೆಂದು ಹೋದ ವರ್ಷ ಕುವೈತಿನಿಂದ ಬಂದವನು. ಕಾರ್ಯ ಮುಗಿಸಿ ಹೊರಡಬೇಕು ಅನ್ನುವಷ್ಟರಲ್ಲಿ ಕೊರೋನಾ ಎಂದು ವಿಮಾನಗಳು ನಿಂತವು, ಇವನೂ ನಿಂತ. ಈಗ ಒಂದೊಂದೇ ದೇಶ ಬಾಗಿಲು ತೆಗೆಯುತ್ತಿದೆ. ಹಳೆ ಕೆಲಸ ಅಷ್ಟರಲ್ಲಿ ಹೋಗಿಯಾಗಿತ್ತು. ಅಲ್ಲೇ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಹೆಂಡತಿ ಶಿಲ್ಪಶ್ರೀ ಯಾರ‍್ಯಾರ ಕೈಕಾಲು ಹಿಡಿದಳೋ, ಅಂತೂ ಹೊಸ ವೀಸಾ ಬಂದಿತ್ತು. ಮಧ್ಯಾಹ್ನದ ಮೇಲೆ ಮಂಗಳೂರಿನಿಂದ ವಿಮಾನ.

ಗಾಡಿ ವಾಸಪ್ಪನದು. ಅವನ ಬಾಯಿಗೆ ಬ್ರೇಕಿಲ್ಲ. "ಎರಡು ವರ್ಷ ಆಯ್ತು ನೋಡಿ ಶ್ಯಾಮಲಕ್ಕ, ಈ ದಾರೀಲಿ ಏರ್‌ಪೋರ್ಟ್ ಬಾಡಿಗೆ ಹಿಡ್ದು. ಹೋದ ವಾರ ಸಾಗರದೋರು ಒಬ್ರು, ನಾಡಿದ್ದು ಹೊಸನಗರದಿಂದ ಒಂದು ಫ್ಯಾಮಿಲಿ. ಎಲ್ಲಾ ಹೊರಟಾರೆ, ಕಣ್ಣಿ ಬಿಚ್ಚಿದ ಕರುಗಳ ಹಂಗೆ." ಹಾಗೆಂದು ತಾನೇ ನಕ್ಕ. "ಆಚೆ ವರ್ಷ ಈ ಗಾಡೀಲಿ ಎಂತೆಂತ ಸಾಗ್ಸಿದೀನಿ ಅಂತ ಹೇಳಿದ್ರೆ ನೀವು ಆ ಸೀಟಲ್ಲಿ ಕೂರೋದಿಲ್ಲ ಬಿಡಿ." ಶ್ಯಾಮಲಾಳಿಗೆ ಗೊತ್ತಿತ್ತು, ಆ ಹೆಣಗಳಲ್ಲಿ ಎರಡನ್ನು ಹತ್ತಿಸಲು ಅವಳೇ ನಿಂತಿದ್ದಳು. ಅರಳಸುರಳಿಯ ಕಡೆಯ ಆಶಾ ಕಾರ್ಯಕರ್ತೆ ಅವಳು. ಗಂಡ ಹೋದ ಮೇಲೆ ತವರಿಗೆ ಬಂದು, ಮನೆಮನೆ ತಿರುಗುವ ಈ ಕೆಲಸ ಹಿಡಿದು, ತನಗಿಂತ ಹತ್ತಾರು ವರ್ಷ ಸಣ್ಣವನಾದ ತಮ್ಮನನ್ನು ಓದಿಸಿದ್ದಳು. "ಲಸಿಕೆ ಕಾಗ್ದ ತಗೊಂಡ್ಯನ ಯೋಗಣ್ಣ?" ಎಂದು ವಾಸಪ್ಪ ಕೇಳಿದ. ಶ್ಯಾಮಲಾ ಕಿಟಕಿಯ ಕಡೆ ತಿರುಗಿದಳು. "ಅದೀಗ ಬೇಡ ಮಾರಾಯ," ಎಂದ ಯೋಗರಾಜ್. "ಹಾಕಿಸ್ಕಂಡಿಲ್ಲದವ್ರೂ ಹೋಗಬೋದಂತೆ. ಮೂಗಿನ ಟೆಸ್ಟ್ ಒಂದಿದ್ರೆ ಸಾಕು." ಎಷ್ಟು ಸಲೀಸಾಗಿ ಹೇಳಿದ! ಅವನ ದನಿಯಲ್ಲಿ ಏನಾದರೂ ಇದೆಯೇ ಎಂದು ಅವಳು ಹುಡುಕಿದಳು, ಎಂದಿನಂತೆ ಏನೂ ಸಿಗಲಿಲ್ಲ. ಎರಡೆರಡು ಸಲ ಚುಚ್ಚಿಸಿಕೊಂಡ ತನ್ನ ತಮ್ಮ ಕೊನೆಗೂ ಆ ದೇಶಕ್ಕೆ ಹೋಗುತ್ತಿರುವುದು ಚುಚ್ಚಿಸಿಕೊಳ್ಳದವರ ಸಾಲಿನಲ್ಲಿ. ಹಾಗಾದರೆ ಇಷ್ಟೆಲ್ಲ ಆದದ್ದು ಯಾತಕ್ಕೆ ಎಂದು ಯಾರನ್ನು ಕೇಳುವುದು?

ಹೋದ ವರ್ಷ ಊರಿನ ಶಾಲೆಯ ಜಗಲಿಯಲ್ಲಿ ಮೇಜು ಹಾಕಿ, ಅದರ ಮೇಲೆ ಲಸಿಕೆಯ ನೀಲಿ ಪೆಟ್ಟಿಗೆ ಇಟ್ಟುಕೊಂಡು, ಆರೋಗ್ಯ ಕೇಂದ್ರದ ಸಿಸ್ಟರು ಬೆಳಗಿನಿಂದ ಕಾದಿದ್ದರು. ಮುಂಗಾರು ಆಗಷ್ಟೇ ಹಿಡಿದಿತ್ತು. ಊರಿನವರು ಬಂದಿದ್ದರು, ಆದರೆ ಜಗಲಿ ಹತ್ತಿರಲಿಲ್ಲ, ಅಂಗಳದಾಚೆ ಕೊಡೆ ಬಿಚ್ಚಿಕೊಂಡು ಮದುವೆ ನೋಡಲು ಬಂದವರ ಹಾಗೆ ನಿಂತಿದ್ದರು. ಸೂಜಿ ಚುಚ್ಚಿಸಿಕೊಂಡ ಗಂಡಸಿಗೆ ಮಕ್ಕಳಾಗುವುದಿಲ್ಲವಂತೆ, ಜ್ವರ ಬಂದರೆ ಇಳಿಯುವುದಿಲ್ಲವಂತೆ. ನಿಂಗಪ್ಪ ಚೌಡಿಯ ಕಲ್ಲಿನ ಹತ್ತಿರ ಹೂ ಕೇಳಿ ಬಂದಿದ್ದ, ಎಡಕ್ಕೆ ಬಿದ್ದಿತ್ತು, ಅಂದರೆ ಬೇಡ. "ನಂಗೆ ಚುಚ್ಚಿ ಆಯ್ತಲ್ವನ ನಿಂಗಪ್ಪಣ್ಣ, ನಾ ಸತ್ನಾ?" ಎಂದು ಶ್ಯಾಮಲಾ ತೋಳು ತೋರಿಸಿದಳು. "ನಿಂಗೆ ಸರ್ಕಾರದೋರು ಬೇರೆ ಔಷಧಿ ಚುಚ್ಚಿರ್ತಾರೆ ಬಿಡು. ನಿಮ್ಮನೇರನ್ನ ಕೂರ್ಸು ನೋಡಣ," ಎಂದ ನಿಂಗಪ್ಪ. ಹಿಂದಿದ್ದವರು ಹೌದೌದು ಎಂದರು. ಆಶಾ ಕಾರ್ಯಕರ್ತೆಯರ ಕೆಲಸದಲ್ಲಿ ಅದಕ್ಕೊಂದು ಮಾತೇ ಇತ್ತು, ಮೊದಲ ತೋಳು. ಮೊದಲ ತೋಳು ನಿಮ್ಮ ಮನೆಯದಾದರೆ ಉಳಿದವು ತಾವಾಗಿ ಬರುತ್ತವೆ ಎಂದು ತೀರ್ಥಹಳ್ಳಿಯ ಮೀಟಿಂಗಿನಲ್ಲಿ ಹೇಳಿ ಕಳಿಸುತ್ತಿದ್ದರು. ಅಮ್ಮ ಕನ್ನಮ್ಮನಿಗೆ ಅವತ್ತು ಜ್ವರ. ಉಳಿದದ್ದು ಯೋಗರಾಜ್ ಒಬ್ಬ, ಪೆಟ್ಟಿಗೆ ಹೊತ್ತು ತಂದು ಕಂಬಕ್ಕೊರಗಿ ಮೊಬೈಲ್ ನೋಡುತ್ತಿದ್ದ. ವಿಮಾನದಲ್ಲಿ ಓಡಾಡುವವನು, ನಾಲ್ಕು ಜನ ನಂಬುವ ತೋಳು. ಅವಳು ಕರೆದಳು. ಅವನು ಬಂದು, ಕುರ್ಚಿಯ ಬೆನ್ನು ಹಿಡಿದುಕೊಂಡು, ಬೇರೆಯವರಿಗೆ ಕೇಳಿಸದ ಹಾಗೆ, "ಅಕ್ಕಾ, ಇದು ಅಲ್ಲಿ ನಡೀತದನ?" ಎಂದು ಕೇಳಿದ. ಅವಳು ಜನರ ಕಡೆ ನೋಡುತ್ತಲೇ, "ಎಲ್ಲಾ ಒಂದೇ ಮಾರಾಯ, ಕೂತ್ಕ ಸುಮ್ನೆ," ಎಂದಳು.

ಎಲ್ಲಾ ಒಂದೇ ಆಗಿರಲಿಲ್ಲ. ದೇಶದಲ್ಲಿ ಎರಡು ಬಗೆಯ ಲಸಿಕೆ ಹಂಚುತ್ತಿದ್ದರು, ಅದರಲ್ಲಿ ಕುವೈತಿನವರು ಒಪ್ಪುತ್ತಿದ್ದದ್ದು ಒಂದನ್ನೇ. ಅವತ್ತು ನೀಲಿ ಪೆಟ್ಟಿಗೆಯಲ್ಲಿ ಬಂದದ್ದು ಇನ್ನೊಂದು. ಶ್ಯಾಮಲಾಳಿಗೆ ಇದು ಗೊತ್ತಿರಲಿಲ್ಲವೇ? ಈ ಪ್ರಶ್ನೆಯನ್ನು ಅವಳು ತನಗೆ ತಾನೇ ಎಷ್ಟು ಸಲ ಹಾಕಿಕೊಂಡಿದ್ದಳೋ. ಮೀಟಿಂಗಿನಲ್ಲಿ ಡಾಕ್ಟರು ಹೊರದೇಶಕ್ಕೆ ಹೋಗುವವರಿದ್ದರೆ ಸ್ವಲ್ಪ ನೋಡಿಕೊಳ್ಳಿ ಅಂತ ಏನೋ ಅಂದಿದ್ದರು. ಅವಳು ಹಿಂದಿನ ಬೆಂಚಿನಲ್ಲಿ ಪಕ್ಕದವಳ ಹತ್ತಿರ ಮಾಸ್ಕ್ ಹಂಚಿಕೆಯ ರಗಳೆ ಮಾತಾಡುತ್ತಿದ್ದಳು. ಕೇಳಿಸಿತ್ತು, ಕೇಳಿಸಿಕೊಂಡಿರಲಿಲ್ಲ. ಇವೆರಡರ ನಡುವೆ ಎಷ್ಟು ಅಂತರ ಎಂದು ನ್ಯಾಯ ಹೇಳುವವರು ಯಾರು? ಯೋಗರಾಜ್ ಕೂತ, ಸೂಜಿ ಹೋಯಿತು, ಅವನು ಎದ್ದು ಅಂಗಳದ ಕಡೆ ನೋಡಿ ನಗಾಡಿದ. ಕೊಡೆಗಳು ಒಂದೊಂದೇ ಮಡಚಿಕೊಂಡು ಜಗಲಿ ಹತ್ತಿದವು, ನಿಂಗಪ್ಪನೂ ಹತ್ತಿದ. ಸಂಜೆ ಪೆಟ್ಟಿಗೆ ಖಾಲಿಯಾದಾಗ ಅವಳಿಗೆ ಎಷ್ಟು ಖುಷಿಯಾಗಿತ್ತೆಂದರೆ ದಾರಿಯಲ್ಲಿ ಹಾಡು ಗುನುಗಿದ್ದಳು. ಆ ಹಾಡು ನೆನಪಾದರೆ ಈಗಲೂ ಅವಳಿಗೆ ತನ್ನ ಮೇಲೆ ಅಸಹ್ಯ ಬರುತ್ತದೆ.

ಸೋಮೇಶ್ವರ ದಾಟಿದ ಮೇಲೆ ಸೆಖೆ ಒಳನುಗ್ಗಿತು. ವಾಸಪ್ಪ ಗಾಜು ಇಳಿಸಿ, ಮಾಸ್ಕನ್ನು ಗಲ್ಲಕ್ಕೆ ಎಳೆದುಕೊಂಡು, ಈ ಕರಾವಳಿಯವರು ಹೇಗೆ ಬದುಕುತ್ತಾರೋ ಎಂದು ಬೈಯತೊಡಗಿದ. ಹೋದ ವರ್ಷ ಆಗಸ್ಟ್ ಕೊನೆಗೆ ಕುವೈತಿನವರು ಬಾಗಿಲು ಅರ್ಧ ತೆಗೆದಾಗ ಯೋಗರಾಜನ ಜೊತೆಗಾರರೆಲ್ಲ ಹೊರಟಿದ್ದರು. ಶಿಲ್ಪಶ್ರೀಗೆ ಆಗ ಏಳನೇ ತಿಂಗಳು ಹಿಡಿಯುತ್ತಿತ್ತು. ಶ್ಯಾಮಲಾ ಡಾಕ್ಟರ ಕೋಣೆಯ ಹೊರಗೆ ಇಡೀ ಬೆಳಿಗ್ಗೆ ಕಾದು, ಒಳಗೆ ಹೋಗಿ, ಆ ಇನ್ನೊಂದು ಲಸಿಕೆ ನನ್ನ ತಮ್ಮನಿಗೆ ಹೇಗಾದರೂ ಹಾಕಿಕೊಡಿ ಸಾರ್ ಎಂದು ಕೈಮುಗಿದಿದ್ದಳು. "ಒಬ್ಬರಿಗೆ ಎರಡು ಜಾತಿ ಹಾಕೋ ಹಾಗಿಲ್ಲ ಅಂತ ಊರಿಗೆಲ್ಲ ಹೇಳೋರು ನೀವೇ ಅಲ್ವೇನಮ್ಮ?" ಎಂದು ಅವರು ನಕ್ಕಿದ್ದರು, ಕೆಟ್ಟ ನಗು ಅಲ್ಲ, ಸುಸ್ತಾದ ನಗು. ಮನೆಗೆ ಬಂದು ತಮ್ಮನಿಗೆ ಹೇಳಿದರೆ ಅವನು ಹಾರೆಯ ಮಣ್ಣು ಕೆರೆಯುತ್ತಾ, "ಹೋಗ್ಲಿ ಬಿಡಕ್ಕ, ಅವ್ರೇ ಒಪ್ತಾರೆ ಇವತ್ತಲ್ಲ ನಾಳೆ," ಎಂದ. ಅಷ್ಟೇ. ಆಮೇಲೂ ಅಷ್ಟೇ. ಒಂದು ದಿನ ಬೈಯಲಿಲ್ಲ, ತಟ್ಟೆ ಕುಕ್ಕಲಿಲ್ಲ, ಮುಖ ತಿರುಗಿಸಲಿಲ್ಲ. ಇವಳ ಡ್ಯೂಟಿಗೆ ಬೈಕಿನಲ್ಲಿ ಬಿಟ್ಟು ಬರುತ್ತಿದ್ದ. ಮೀನು ತಂದರೆ ಇವಳಿಗೆ ಇಷ್ಟವಾದ ತುಂಡು ಎತ್ತಿ ಹಾಕುತ್ತಿದ್ದ. ಅವನು ಒಂದು ಸಲ, ಒಂದೇ ಒಂದು ಸಲ, ನಿನ್ನಿಂದ ಹಾಳಾದೆ ಅಂದಿದ್ದರೆ ಅವಳು ಕಾಲು ಹಿಡಿದು ಅತ್ತು ಹಗುರಾಗುತ್ತಿದ್ದಳು. ಹಾಗೆ ಆಗಗೊಡಲಿಲ್ಲ. ತಮ್ಮನ ಒಳ್ಳೆಯತನದ ಮುಂದೆ ಅವಳು ದಿನಾ ಬೆಳಿಗ್ಗೆ ಎದ್ದು ತಲೆ ತಗ್ಗಿಸಿದಳು.

ಹೆಬ್ರಿಯಲ್ಲಿ ವಾಸಪ್ಪ ಗಾಡಿ ನಿಲ್ಲಿಸಿ ಚಾ ಕುಡಿಯಲು ಇಳಿದ. ಯೋಗರಾಜ್ ಹಿಂದಿನ ಬಾಗಿಲಿಗೆ ಬಂದು, "ಎಂತ ತರ್ಲಿ ಅಕ್ಕ? ಗೋಳಿಬಜೆ ಬಿಸಿ ಅದೆ," ಎಂದ. "ಬೆಳಿಗ್ಗಿಂದ ಎಂತೂ ತಿಂದಿಲ್ಲ ನೀನು." ಬೇಡ ಎಂದಳು. ಹೇಳಬೇಕಾದದ್ದನ್ನು ಇಲ್ಲೇ ಹೇಳಿಬಿಡಬೇಕು, ಇನ್ನು ಸ್ವಲ್ಪ ಹೊತ್ತಿಗೆ ಇವನು ಒಳಗೆ ಹೋಗಿಬಿಡುತ್ತಾನೆ, ಮತ್ತೆ ಯಾವ ಕಾಲಕ್ಕೋ. ತಪ್ಪಾಯ್ತು ಯೋಗು ಎನ್ನುವ ಎರಡೇ ಮಾತು. ಅದನ್ನು ಅವಳು ಹಾಸಿಗೆ ಮಡಚುವಾಗ, ಬಸ್ಸಿಗೆ ಕಾಯುವಾಗ, ಬಾಣಂತಿಯರ ಮನೆಯಲ್ಲಿ ಕೂಸನ್ನು ತಕ್ಕಡಿಯಲ್ಲಿ ಮಲಗಿಸುವಾಗ ಒಳಗೊಳಗೇ ಹೇಳಿ ರೂಢಿ ಮಾಡಿಕೊಂಡಿದ್ದಳು. "ಯೋಗು," ಎಂದಳು. "ಹ್ಞಾಂ?" ಎಂದು ಅವನು ಬಗ್ಗಿದ. ಅವನ ಕಣ್ಣ ಕೆಳಗೆ ಹೊಸ ಗೆರೆಗಳು ಬಿದ್ದಿದ್ದವು. "ಅಮ್ಮ ಕೊಟ್ಟ ಲೇಹ್ಯದ ಡಬ್ಬಿ ಭದ್ರ ಅದೆಯನ?" ಎಂದುಬಿಟ್ಟಳು. ಅವನು ಅದೆ ಎಂದು ಹೇಳಿ ಹೋಟೆಲಿನ ಕಡೆ ನಡೆದ. ಥೂ, ಕೇಳಲಿಕ್ಕೆ ಬೇರೇನೂ ಸಿಗಲಿಲ್ಲವೇ ಈ ಹಾಳು ಬಾಯಿಗೆ? ಅದು ಶಿಲ್ಪಶ್ರೀಯ ಬಾಣಂತನಕ್ಕೆಂದು ಕನ್ನಮ್ಮ ಹೋದ ವರ್ಷ ಕುದಿಸಿ ಇಟ್ಟಿದ್ದು. ಬಾಣಂತನವೇ ಇಲ್ಲವಾದ ಮೇಲೂ ಮುದುಕಿ ಅದನ್ನು ಚೆಲ್ಲಲಿಲ್ಲ. ಮೈ ಗಟ್ಟಿಯಾಗೋದಕ್ಕೆ ಯಾವಾಗ ತಿಂದ್ರೂ ಆಗ್ತದೆ ಎಂದು ಬೆಳಿಗ್ಗೆ ಅವನ ಬಟ್ಟೆಗಳ ನಡುವೆ ತುರುಕಿದ್ದಳು.

ಮಗು ತಿಂಗಳು ತುಂಬುವ ಮೊದಲೇ ಹುಟ್ಟಿತು, ಹೆಣ್ಣು. ಗಾಜಿನ ಪೆಟ್ಟಿಗೆಯೊಳಗೆ ಕೆಲವು ದಿನ ಇತ್ತು. ಮನೆಯವರೆಲ್ಲ ಅದನ್ನು ನೋಡಿದ್ದು ಮೊಬೈಲಿನಲ್ಲಿ, ಅಮ್ಮ ಮೊಬೈಲಿಗೇ ದೃಷ್ಟಿ ತೆಗೆದಿದ್ದಳು. ಅದು ಹೋದ ದಿನ ಶ್ಯಾಮಲಾ ತೀರ್ಥಹಳ್ಳಿಯ ಸಭಾಭವನದಲ್ಲಿ ವೇದಿಕೆಯ ಮೇಲಿದ್ದಳು. ತಾಲ್ಲೂಕಿನಲ್ಲಿ ಯಾವ ಮನೆಯೂ ಬಾಕಿಯಾಗದಂತೆ ಲಸಿಕೆ ಹಾಕಿಸಿದ ಕೆಲವರಿಗೆ ಸನ್ಮಾನ. ಹೆಗಲಿಗೆ ಶಾಲು, ತಲೆಗೆ ಸರಿಯಾಗಿ ಕೂರದ ಪೇಟ, ಕೈಯಲ್ಲಿ ಹಣ್ಣಿನ ಬುಟ್ಟಿ. ಇವರು ತಮ್ಮ ಸ್ವಂತ ತಮ್ಮನನ್ನೇ ಮೊದಲು ಕೂರಿಸಿ ಊರಿಗೆ ದಾರಿ ತೋರಿಸಿದವರು ಎಂದು ಮೈಕಿನಲ್ಲಿ ಹೇಳುತ್ತಿದ್ದಾಗ ತೊಡೆಯ ಮೇಲಿದ್ದ ಚೀಲದಲ್ಲಿ ಫೋನು ನಡುಗುತ್ತಿತ್ತು. ಅವಳಿಗೆ ಗೊತ್ತಾಯಿತು. ತೆಗೆದು ನೋಡಬೇಕಾಗಿಯೇ ಇರಲಿಲ್ಲ. ಫೋಟೋದವನು ಇಲ್ಲಿ ನೋಡಿ ಮೇಡಂ ಎಂದ, ಅವಳು ನೋಡಿದಳು, ನಕ್ಕಳೂ ಕೂಡ. ಆ ಫೋಟೋ ಪೇಪರಿನಲ್ಲಿ ಬಂತು. ಯೋಗರಾಜ್ ಅದನ್ನು ಓದಿ, ಮಡಚಿ, ಸೂರಿನ ಸಂದಿಗೆ ಸಿಕ್ಕಿಸಿದ. ಊರಲ್ಲಾಗಿದ್ದರೆ ಕೂಸನ್ನು ಹಿತ್ತಲ ಗಡಿಯಲ್ಲಿ ಮಣ್ಣು ಮಾಡಿ, ನರಿ ಕೆದಕದ ಹಾಗೆ ಮೇಲೆ ಮುಳ್ಳು ಹಾಕಿ, ಆ ಕಡೆ ಹೋದಾಗೆಲ್ಲ ಒಂದು ಗಳಿಗೆ ನಿಲ್ಲಬಹುದಿತ್ತು. ಅಲ್ಲಿ ಅದಕ್ಕೊಂದು ಕಲ್ಲೂ ಇದೆಯೋ ಇಲ್ಲವೋ. ಶಿಲ್ಪಶ್ರೀ ಒಬ್ಬಳೇ ಹೋಗಿ ಮರಳಿನಲ್ಲಿ ಇಟ್ಟು ಬಂದಳಂತೆ, ಜೊತೆಗೆ ಒಬ್ಬ ಮಲಯಾಳಿ ನರ್ಸ್ ಇದ್ದಳಂತೆ. ಅವತ್ತಿನಿಂದ ಶಿಲ್ಪಶ್ರೀ ಶ್ಯಾಮಲಾಳ ಹತ್ತಿರ ಮಾತು ಬಿಟ್ಟಳು. ಇವಳು ಫೋನ್ ಮಾಡಿದರೆ ರಿಂಗಾಗಿ ರಿಂಗಾಗಿ ಕಡಿಯುತ್ತಿತ್ತು.

ಹೊಸನಗರದಲ್ಲಿ ಶಿಲ್ಪಶ್ರೀಯ ತವರು. ಮಗು ಹೋದ ಮೇಲೆ ಮುಖ ತೋರಿಸದಿದ್ದರೆ ಚೆನ್ನಾಗಿರುವುದಿಲ್ಲವೆಂದು ಶ್ಯಾಮಲಾ ತಮ್ಮನ ಬೈಕಿನ ಹಿಂದೆ ಕೂತು ಹೋಗಿದ್ದಳು. ಶಿಲ್ಪಶ್ರೀಯ ತಾಯಿ ದುಗ್ಗಮ್ಮ ಬಾಗಿಲಲ್ಲೇ, "ಬಾರಪ್ಪ," ಎಂದಳು, ಏಕವಚನದಲ್ಲಿ, ಒಬ್ಬನಿಗೆ. ಚಾ ಬಂತು. ಯೋಗರಾಜನಿಗೆ ಒಂದು ಲೋಟ, ದುಗ್ಗಮ್ಮನಿಗೆ ಒಂದು. ಮೂರನೆಯದು ಬರುತ್ತದೆಂದು ಶ್ಯಾಮಲಾ ಸ್ವಲ್ಪ ಹೊತ್ತು ಅಡುಗೆಮನೆಯ ಬಾಗಿಲು ನೋಡಿದಳು. ಆಮೇಲೆ ನೋಡುವುದನ್ನು ಬಿಟ್ಟಳು. ಯೋಗರಾಜ್ ತನ್ನ ಲೋಟವನ್ನು ಅರ್ಧ ಕುಡಿದು, ಮಾತಿಲ್ಲದೆ, ಅವಳ ಕಡೆ ಸರಿಸಿದ. ದುಗ್ಗಮ್ಮ ಅದನ್ನು ನೋಡಿ, "ನಿನ್ನ ಒಳ್ಳೇತನಕ್ಕೇ ಹಿಂಗಾಗಿದ್ದು ಕಣಪ್ಪ. ಇನ್ಯಾರಾರು ಆಗಿದ್ರೆ ಜನ್ಮದಲ್ಲಿ ಮುಖ ನೋಡ್ತಿರಲಿಲ್ಲ," ಎಂದಳು. ಅವನು ನೆಲ ನೋಡಿದ. ತನಗೋಸ್ಕರ ಅವಮಾನಪಟ್ಟುಕೊಂಡು ನೆಲ ನೋಡುತ್ತಿದ್ದಾನೆ ಎಂದು ಶ್ಯಾಮಲಾ ಅವತ್ತು ತಿಳಿದಳು. ಆ ಅರ್ಧ ಲೋಟ ಚಾ ಕುಡಿದಳು. ಸಕ್ಕರೆ ಜಾಸ್ತಿಯಾಗಿತ್ತು.

ವಿಮಾನ ನಿಲ್ದಾಣದ ಮುಂದೆ ಜಾತ್ರೆಯ ಗೌಜು. ಎರಡು ವರ್ಷ ಹೋಗಲಾರದೆ ಉಳಿದವರು, ಬರಲಾರದೆ ಉಳಿದವರು, ಎಲ್ಲರೂ ಒಂದೇ ದಿನ ಬಂದುಬಿಟ್ಟ ಹಾಗಿತ್ತು. ಬುರ್ಖಾದ ಅಜ್ಜಿಯೊಬ್ಬಳು ಮೊಮ್ಮಗನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಿಡಲೊಲ್ಲಳು. ಹೊಸದಾಗಿ ಮದುವೆಯಾದವರಿರಬೇಕು, ಒಂದು ಜೋಡಿ ಟ್ರಾಲಿಯ ಎರಡು ಬದಿಯಲ್ಲಿ ನಿಂತು ಮಾತೇ ಆಡುತ್ತಿರಲಿಲ್ಲ. ಅರ್ಧ ಜನರ ಮಾಸ್ಕು ಗಲ್ಲದಲ್ಲಿ, ಉಳಿದರ್ಧದ್ದು ಕೈಯಲ್ಲಿ. ಗೇಟಿನ ಪೊಲೀಸಿನವನು ಟಿಕೇಟು ನೋಡುತ್ತಿದ್ದ, ಪಾಸ್‌ಪೋರ್ಟು ನೋಡುತ್ತಿದ್ದ, ಮುಖ ನೋಡುತ್ತಿದ್ದ, ಬಿಡುತ್ತಿದ್ದ. ಲಸಿಕೆಯ ಮಾತೇ ಇಲ್ಲ. ಇಷ್ಟು ಸುಲಭವಿತ್ತೇ ಇದು ಎಂದು ಶ್ಯಾಮಲಾಳಿಗೆ ನಗು ಬಂದ ಹಾಗಾಯಿತು. ವಾಸಪ್ಪ ಗಾಡಿ ಪಾರ್ಕಿಂಗಿಗೆ ಹಾಕಲು ಹೋದ. ಯೋಗರಾಜ್ ಸೂಟ್‌ಕೇಸನ್ನು ಟ್ರಾಲಿಗೆ ಹೇರಿ, ಕೈಚೀಲವನ್ನು ಮೇಲಿಟ್ಟು, "ಇನ್ನು ಹೊತ್ತು ಅದೆ. ಬಾ, ಆ ಕಂಬದ ಹತ್ರ ನೆಳಲಲ್ಲಿ ನಿಲ್ಲಣ," ಎಂದ.

ನೆಳಲಲ್ಲಿ ನಿಂತು ಅವಳು ಹೇಳಿದಳು. ಹೇಗೆ ಶುರು ಮಾಡಿದಳೋ ಅವಳಿಗೇ ಗೊತ್ತಿಲ್ಲ. "ಯೋಗು, ಅವತ್ತು ಶಾಲೆ ಹತ್ರ ನೀ ಕೇಳ್ದೆ. ನಾ ಎಲ್ಲಾ ಒಂದೇ ಅಂದೆ. ನಂಗೆ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹೇಳಬೇಕಿತ್ತು. ಜನ ಎಲ್ಲಾ ನೋಡ್ತಿದ್ರಲ್ಲ..." ಅವನು ಟ್ರಾಲಿಯ ಹಿಡಿಕೆಯನ್ನು ಹಿಂದೆ ಮುಂದೆ ಆಡಿಸುತ್ತಿದ್ದ. "ನಂಗೆ ಗೊತ್ತಿತ್ತು ಅಕ್ಕಾ," ಎಂದ. ಅವಳಿಗೆ ಅರ್ಥವಾಗಲಿಲ್ಲ. "ಎಂತ ಗೊತ್ತಿತ್ತು?" ಎಂದಳು. "ಅದು ಅಲ್ಲಿ ನಡಿಯೋದಿಲ್ಲ ಅಂತ. ಕ್ಯಾಂಪಿಗೆ ಮುಂಚೇನೇ ನಮ್ಮ ರೂಮಿನೋನು ವಾಟ್ಸಾಪಲ್ಲಿ ಕಳ್ಸಿದ್ದ, ಯಾವ್ದು ನಡೀತದೆ ಯಾವ್ದು ಇಲ್ಲ ಅಂತ. ಕಂಬಕ್ಕೆ ಒರಗಿ ಅದನ್ನೇ ನೋಡ್ತಿದ್ದೆ, ನೀ ಕರ್ದಾಗ." ಪಕ್ಕದಲ್ಲಿ ಯಾರದೋ ಟ್ರಾಲಿಯಿಂದ ಚೀಲ ಜಾರಿ ಬಿತ್ತು, ಅವನು ಬಗ್ಗಿ ಎತ್ತಿಕೊಟ್ಟ. ಮತ್ತೆ ಬಂದು ನಿಂತ.

"ಮತ್ತೆ ಯಾಕೆ ಕೂತೆ? ನನ್ನ ಯಾಕೆ ಕೇಳ್ದೆ?" ಅವಳ ದನಿ ಏರಲಿಲ್ಲ. ಯಾರೋ ಮೂರನೆಯವರ ಸುದ್ದಿ ವಿಚಾರಿಸುವ ದನಿ. "ಹೋಗೋಕೆ ಮನಸ್ಸಿರಲಿಲ್ಲ ಅಕ್ಕ," ಎಂದ ಯೋಗರಾಜ್. "ಆ ಕೋಲ್ಡ್ ಸ್ಟೋರು, ಆ ರೂಮು, ದಿನಾ ಬೈಗುಳ. ಎಂಟು ವರ್ಷದ ಮೇಲೆ ಮಳೆ ಶುರುವಾಗೋವಾಗ ಊರಲ್ಲಿದ್ದೆ. ಇನ್ನೆರಡು ತಿಂಗಳು ಇರಣ ಅನ್ಸಿತು. ಶಿಲ್ಪಂಗೆ ಹೆರಿಗೆ ಹೊತ್ತಿಗೆ ಹೆಂಗಾರೂ ಬಿಡ್ತಾರೆ ಅಂತ ಲೆಕ್ಕ ಹಾಕಿದ್ದೆ. ಬರೋದಿಲ್ಲ ಅಂತ ಅವಳಿಗೆ ನನ್ನ ಬಾಯಲ್ಲಿ ಹೇಳೋಕೆ ಆಗ್ತಿರಲಿಲ್ಲ. ನೀ ಕರ್ದೆ. ನೀ ಎಂತ ಹೇಳ್ತೀಯ ನೋಡಣ ಅಂತ ಕೇಳ್ದೆ. ನೀ ಎಲ್ಲಾ ಒಂದೇ ಅಂದೆ." ಅವನು ಮೊದಲ ಸಲ ಅವಳ ಮುಖ ನೋಡಿದ. "ನೆವ ಸಿಕ್ತು."

ಶ್ಯಾಮಲಾ ಅವನ ಕೆನ್ನೆಗೆ ಹೊಡೆಯಬೇಕಿತ್ತು. ಹೊಡೆಯುವವಳೇ ಅವಳು, ಸಣ್ಣವನಿದ್ದಾಗ ಸೌದೆಯ ಚೂರಿನಲ್ಲಿ ಹೊಡೆದಿದ್ದಾಳೆ. ಸಿಟ್ಟು ಇದೆ ಎಂದು ಗೊತ್ತಾಗುತ್ತಿತ್ತು, ಆದರೆ ಅದು ಗೋಡೆಯಾಚೆ ಯಾರದೋ ಮನೆಯಲ್ಲಿ ನಡೆಯುವ ಜಗಳದ ಹಾಗೆ ಕೇಳಿಸುತ್ತಿತ್ತು. ದುಗ್ಗಮ್ಮನ ಮನೆಯಲ್ಲಿ ಇವನು ನೆಲ ನೋಡಿದ್ದು. ಮೀನಿನ ತುಂಡು ಎತ್ತಿ ಹಾಕಿದ್ದು. ಬೈಕಿನಲ್ಲಿ ಬಿಟ್ಟು ಬಂದದ್ದು. ಹೋಗ್ಲಿ ಬಿಡಕ್ಕ ಎಂದದ್ದು. ಒಂದೊಂದನ್ನೂ ಎತ್ತಿ ಮಗುಚಿ ಹಾಕಬೇಕಲ್ಲ ಈಗ, ಇದನ್ನೆಲ್ಲ ಮಾಡಲು ಯಾವಾಗ ಪುರಸೊತ್ತು? ನಾಳೆ ಬೆಳಿಗ್ಗೆ ಪೋಲಿಯೋ ಸರ್ವೆಗೆ ಹೋಗಬೇಕು. ಹಾಗಾದರೆ ಆ ಕೂಸು ತನ್ನ ಲೆಕ್ಕದ್ದಲ್ಲವೇ, ಅರ್ಧ ಮಾತ್ರ ತನ್ನದೇ, ತನ್ನ ಎಲ್ಲಾ ಒಂದೇ ಎಂಬ ಮಾತು ಮಾಡಿದ ಪಾಪ ಇದರಿಂದ ಒಂದು ಕೂದಲಿನಷ್ಟಾದರೂ ಕಡಿಮೆಯಾಯಿತೇ? ಆಗಲಿಲ್ಲ. ಗೊತ್ತಿಲ್ಲದೆ ಗೊತ್ತು ಅಂದದ್ದು ಅಲ್ಲೇ ಇತ್ತು. ಇವನದು ಅದರ ಪಕ್ಕದಲ್ಲಿ ಬಂದು ಕೂತಿತ್ತು, ಅಷ್ಟೇ. "ಇಷ್ಟು ದಿನ ನಾ ಒಣಗಿ ಕಡ್ಡಿಯಾಗಿದ್ದು ಕಾಣ್ತಿರಲಿಲ್ಲನ ನಿಂಗೆ?" ಎಂದಳು. "ಕಾಣ್ತಿತ್ತು," ಎಂದ. ಅವನ ಕಣ್ಣಲ್ಲಿ ನೀರು ಬಂತು, ಮಾಸ್ಕಿನಿಂದಲೇ ಒರೆಸಿಕೊಂಡ. ಅವಳಿಗೆ ಬರಲಿಲ್ಲ.

"ಅಕ್ಕಾ, ಇನ್ನೊಂದು ಅದೆ," ಎಂದ. ಗೇಟಿನಲ್ಲಿ ಸಾಲು ಉದ್ದವಾಗುತ್ತಿತ್ತು. "ಶಿಲ್ಪಂಗೆ ನಾ ಬೇರೆ ಹೇಳಿದೀನಿ. ನಾನು ಬೇಡ ಅಂದೆ, ಅಕ್ಕನೇ ಬಿಡಲಿಲ್ಲ, ಜನರ ಮುಂದೆ ಕೈ ಹಿಡಿದು ಕೂರ್ಸಿದ್ಲು ಅಂತ." ಶ್ಯಾಮಲಾ ಟ್ರಾಲಿಯ ಮೇಲಿನ ಕೈಚೀಲವನ್ನು ನೆಟ್ಟಗಿಟ್ಟಳು. "ಅವಳಿಗೆ ನಿಜ ಗೊತ್ತಾದ್ರೆ ನಂಗೆ ಆ ಮನೆ ಬಾಗಿಲು ತೆಗಿಯೋದಿಲ್ಲ ಅಕ್ಕ. ಮಗೂನೂ ಹೋಯ್ತು, ಇನ್ನು ನಾವಿಬ್ರೂ ಒಬ್ರಿಗೊಬ್ರು ಇಲ್ಲದ ಹಂಗಾಗ್ತದೆ. ಅವಳ ಸಿಟ್ಟು ನಿನ್ನ ಮೇಲೇ ಇರ್ಲಿ. ನೀನು ಹೆಂಗೂ..." ಅಲ್ಲಿಗೆ ನಿಲ್ಲಿಸಿದ. ನೀನು ಹೆಂಗೂ ಎಂತ? ಗಂಡನಿಲ್ಲದವಳು, ಮಕ್ಕಳಿಲ್ಲದವಳು, ಹೊತ್ತುಕೊಂಡು ರೂಢಿಯಾದವಳು. ಅವಳು ಅವನನ್ನು ಪೂರ್ತಿ ಮಾಡಲು ಬಿಡಲಿಲ್ಲ. "ಹೊತ್ತಾಯ್ತು, ಹೋಗು," ಎಂದಳು. ಅವನು ಬಗ್ಗಿ ಕಾಲು ಮುಟ್ಟಿದ. ಅವಳ ಕೈ ರೂಢಿಯಲ್ಲಿ ಅವನ ತಲೆಯ ಮೇಲೆ ಹೋಯಿತು. ಅವನು ಟ್ರಾಲಿ ತಳ್ಳಿಕೊಂಡು ಸಾಲು ಸೇರಿದ, ಪೊಲೀಸಿನವನು ಮುಖ ನೋಡಿದ, ಬಿಟ್ಟ. ಗಾಜಿನ ಬಾಗಿಲು ತನ್ನಷ್ಟಕ್ಕೆ ತೆರೆದು ಮುಚ್ಚಿಕೊಂಡಿತು. ಒಳಗಿನಿಂದ ಅವನು ತಿರುಗಿ ಕೈ ಬೀಸಿದನೋ ಏನೋ, ಗಾಜಿನಲ್ಲಿ ಹೊರಗಿನ ಬಿಸಿಲೇ ಕಾಣುತ್ತಿತ್ತು.

ಪಾರ್ಕಿಂಗಿನ ಕಡೆ ನಡೆಯುವಾಗ ಫೋನು ಹೊಡೆದುಕೊಂಡಿತು. ಶಿಲ್ಪಶ್ರೀಯ ಹೆಸರು. ಅಷ್ಟು ತಿಂಗಳ ಮೇಲೆ ಆ ಹೆಸರು ತಾನಾಗಿ ಮೂಡಿದ್ದನ್ನು ನೋಡಿ ಶ್ಯಾಮಲಾ ಮೊದಲು ಅವನೇ ಅಲ್ಲಿಂದ ಮಾಡುತ್ತಿದ್ದಾನೆಂದು ದಡ್ಡಿಯ ಹಾಗೆ ಅಂದುಕೊಂಡಳು. "ಅವ್ರು ಒಳಗೆ ಹೋದ್ರಾ? ಫೋನ್ ಎತ್ತಾ ಇಲ್ಲ," ಎಂದಿತು ದನಿ. ಡ್ಯೂಟಿಯಲ್ಲಿರಬೇಕು, ಹಿಂದೆ ಏನೋ ಯಂತ್ರದ ಸದ್ದು. "ಈಗ ಹೋದ ಮಾರಾಯ್ತಿ. ಚೆಕಿಂಗಲ್ಲಿ ಇರ್ತಾನೆ," ಎಂದಳು. ಸರಿ ಎಂದು ಇಡುತ್ತಾಳೆಂದುಕೊಂಡರೆ ಇಡಲಿಲ್ಲ. "ಒಂದು ಮಾತು ಕೇಳ್ಲಾ?" ಎಂದಳು ಶಿಲ್ಪಶ್ರೀ. "ಅವ್ರು ಬರೋಕೆ ಮುಂಚೆ ನಿಮ್ಮ ಬಾಯಲ್ಲೇ ಕೇಳಬೇಕು ನಂಗೆ. ಅವತ್ತು ಅವ್ರು ಬೇಡ ಅಂದಿದ್ರಾ? ನೀವೇ ಕೂರ್ಸಿದ್ದಾ?"

ಬಿಸಿಲಲ್ಲಿ ಕಾರುಗಳ ಸಾಲು. ಯಾವುದೋ ಕಾರಿನ ಗಾಜಿನೊಳಗೆ ಒಂದು ಮಗು ನಿದ್ದೆ ಹೋಗಿತ್ತು, ಬಾಯಿ ತೆರೆದುಕೊಂಡು. ನಿಜ ಹೇಳಿದರೆ ಎರಡು ಮಾತಿನಲ್ಲಿ ಮುಗಿದುಹೋಗುತ್ತಿತ್ತು. ಅವನು ಇನ್ನೂ ನೆಲದ ಮೇಲೇ ಇದ್ದ, ವಿಮಾನ ಏರಿರಲಿಲ್ಲ.

"ಹೌದು," ಎಂದಳು ಶ್ಯಾಮಲಾ. "ಬೇಡ ಅಂದಿದ್ದ. ನಾನೇ ಬಿಡಲಿಲ್ಲ."

"ಒಂದು ಸಲ, ಒಂದೇ ಒಂದು ಸಲ ತಪ್ಪಾಯ್ತು ಅಂತ ನಿಮಗೆ ಹೇಳೋಕೆ ಆಗಲಿಲ್ವಾ?" ಎನ್ನುತ್ತಾ ಶಿಲ್ಪಶ್ರೀ ಅಳಲಿಕ್ಕೆ ಶುರುಮಾಡಿದಳು.

"ತಪ್ಪಾಯ್ತು ಶಿಲ್ಪಾ," ಎಂದಳು. ಎಷ್ಟು ದಿನ ರೂಢಿ ಮಾಡಿಕೊಂಡಿದ್ದ ಮಾತು. ಎಲ್ಲೂ ಸಿಕ್ಕಿಕೊಳ್ಳದೆ ಬಂತು. ತಮ್ಮನಿಗೆಂದು ಇಟ್ಟುಕೊಂಡಿದ್ದನ್ನು ತಮ್ಮನ ಪರವಾಗಿ ಆಡಿದ್ದಾಯಿತು. ಆಡಿದ ಮೇಲೆ ಹಗುರಾಗುತ್ತದೆ ಎಂದು ತಿಳಿದಿದ್ದಳು, ಅಂಥದ್ದೇನೂ ಆಗಲಿಲ್ಲ. ಶಿಲ್ಪಶ್ರೀ ಅತ್ತಳು, ತುಂಬ ಹೊತ್ತು ಅತ್ತಳು, ಕುವೈತಿನ ಆಸ್ಪತ್ರೆಯ ಯಾವುದೋ ಮೂಲೆಯಲ್ಲಿ ನಿಂತು ಮಗುವಿಗೆ, ಗಂಡನಿಗೆ, ಎಲ್ಲದಕ್ಕೂ ಒಟ್ಟಿಗೆ. ಶ್ಯಾಮಲಾ ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡು ನಿಂತಳು. ದೂರದಿಂದ ವಾಸಪ್ಪ ಕೈ ಮಾಡಿ ಕರೆಯುತ್ತಿದ್ದ. ಕೊನೆಗೆ ಅಳು ನಿಂತಿತು, ಮೂಗು ಒರೆಸಿಕೊಂಡ ಸದ್ದಾಯಿತು.

"ಊಟ ಆಯ್ತಾ ಅತ್ತಿಗೆ?" ಎಂದಳು ಶಿಲ್ಪಶ್ರೀ, ಹಳೆಯ ದನಿಯಲ್ಲಿ.

"ಆಯ್ತು," ಎಂದಳು ಶ್ಯಾಮಲಾ.